ನಾಟಕ ಗೊತ್ತು, ಪ್ರೋಗ್ರಾಮಿಂಗ್ ಗೊತ್ತು: ಗೇಮ್ ಡಿಸೈನರ್ ಆಗಲು ಇಷ್ಟು ಸಾಕೇ?

ಪ್ರಶ್ನೆ: ನನಗೆ 24 ವರ್ಷ. ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಮುಗಿಸಿ, ಒಂದು ವರ್ಷ ಪೂರ್ಣಾವಧಿಯ ರಂಗ ತರಬೇತಿ ಪಡೆದು, ಈಗ ಎರಡು ವರ್ಷದಿಂದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಟನೆಗಿಂತ ಹೆಚ್ಚಾಗಿ ಬೆಳಕಿನ ವಿನ್ಯಾಸ ಮತ್ತು ರಂಗ ನಿರ್ವಹಣೆ ಮಾಡಿದ್ದೇನೆ, ಎರಡು ಕಿರುನಾಟಕಗಳನ್ನು ನಿರ್ದೇಶಿಸಿದ್ದೇನೆ. ಗೇಮ್ ಡಿಸೈನರ್ ಆಗಬೇಕೆಂಬುದು ನನ್ನ ಆಸೆ. ಮನೆಯವರು ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುತ್ತಾರೆ. ಅರ್ಜಿ ಹಾಕುವಾಗ ನಾಟಕದ ಅನುಭವವನ್ನು ಹವ್ಯಾಸಗಳ ಸಾಲಿಗೆ ಸೇರಿಸು ಎಂದು ಸ್ನೇಹಿತನೊಬ್ಬ ಹೇಳಿದ. ಉದ್ಯೋಗ ಖಚಿತ ಎಂದು ಜಾಹೀರಾತು ಕೊಡುವ ಒಂದು ವರ್ಷದ ಗೇಮ್ ಡಿಸೈನ್ ಕೋರ್ಸಿಗೆ ಸೇರಲೇ? ಈಗಿನ ಕೆಲಸ ಬಿಡಲೇ? ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ವೃತ್ತಿ ಉಳಿಯುತ್ತದೆಯೇ? ನಾಲ್ಕು ವರ್ಷದಿಂದ ಒಂದು ದೊಡ್ಡ ಕಥೆ ಬರೆಯುತ್ತಿದ್ದೇನೆ, ಅದನ್ನೇ ಗೇಮ್ ಮಾಡಬೇಕೆಂದಿದ್ದೇನೆ.

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗೆ ಅನ್ನಿಸುತ್ತದೆ. ಕಲಿತ ಎರಡು ವಿದ್ಯೆಗಳು ಒಂದನ್ನೊಂದು ಬೆಳೆಸುತ್ತವೆಯೋ, ಅಥವಾ ಎರಡರಲ್ಲೂ ಅರೆಬರೆಯಾಗಿ ಉಳಿದುಬಿಡುತ್ತೇನೋ ಎಂಬ ಭಯ ಅದು. ನಾನು 17 ವರ್ಷಗಳಿಂದ ಈ ಕಸುಬಿನಲ್ಲಿದ್ದೇನೆ. ಪ್ರೋಗ್ರಾಮರ್ ಆಗಿ ಸೇರಿ, ವಿನ್ಯಾಸಕ್ಕೆ ಹೊರಳಿ, ಈಗ ಹೊಸಬರನ್ನು ಆಯ್ಕೆ ಮಾಡುವ ಜವಾಬ್ದಾರಿಯನ್ನೂ ಹೊತ್ತಿದ್ದೇನೆ. ಆ ಅನುಭವದಿಂದಲೇ ಉತ್ತರಿಸುತ್ತೇನೆ.

ನಿಮ್ಮ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ರಂಗಭೂಮಿಯಿಂದ ಬರುವ ಬಹುತೇಕರು ಗೇಮ್‌ಗಳಿಗೆ ತಾವು ಕೊಡಬಲ್ಲದ್ದು ಕಥೆ ಎಂದೇ ನಂಬಿರುತ್ತಾರೆ. ಕಥೆಗೆ ಬೆಲೆಯಿದೆ, ಅದನ್ನು ಬರೆಯುವವರಿಗೆ ಕೆಲಸವೂ ಇದೆ. ಆದರೆ ಅಂಥ ಹುದ್ದೆಗಳು ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ರಂಗಭೂಮಿ ನಿಮಗೆ ಕಲಿಸಿದ ವಿದ್ಯೆಗಳಲ್ಲಿ ಕಥೆ ಕಟ್ಟುವುದು ಅತಿ ಅಮೂಲ್ಯವಾದದ್ದೇನೂ ಅಲ್ಲ. ಒಂದು ಜಾಗಕ್ಕೆ ಬಂದು ನಿಂತ ಮನುಷ್ಯ ಮೊದಲು ಎತ್ತ ನೋಡುತ್ತಾನೆ, ಯಾವಾಗ ಚಡಪಡಿಸುತ್ತಾನೆ, ಯಾವುದು ಅವನಿಂದ ಇನ್ನೊಂದು ಹೆಜ್ಜೆ ಇಡಿಸುತ್ತದೆ ಎಂಬುದನ್ನು ನೋಡಿ ನೋಡಿ, ತಿದ್ದಿ ತಿದ್ದಿ ಕಲಿಯುವ ತಾಲೀಮು ನಿಮಗೆ ಆಗಿದೆ. ನಮಗೆ ಬೇಕಾಗಿರುವುದು ಅದು.

ಕನ್ನಡದಲ್ಲಿ ಆಟ ಎಂಬ ಒಂದೇ ಮಾತು ಚದುರಂಗದಾಟಕ್ಕೂ ಸಲ್ಲುತ್ತದೆ, ಗೊಂಬೆಯಾಟಕ್ಕೂ ಸಲ್ಲುತ್ತದೆ. ಈ ನಂಟು ಹೆಸರಿನಲ್ಲಷ್ಟೇ ಇರುವುದಲ್ಲ. ಬ್ರೆಂಡಾ ಲಾರೆಲ್ ಎಂಬ ಅಮೆರಿಕನ್ ವಿನ್ಯಾಸಕಿ ರಂಗಭೂಮಿಯಲ್ಲಿ ಡಾಕ್ಟರೇಟ್ ಪಡೆದವರು, ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿಯಲ್ಲಿ ದುಡಿದವರು. ಕಂಪ್ಯೂಟರನ್ನು ಬರಿಯ ಸಲಕರಣೆಯೆಂದು ಭಾವಿಸದೆ ರಂಗವೆಂದು ಕಾಣಬೇಕು, ಅದರ ಮುಂದೆ ಕುಳಿತವನು ಪ್ರೇಕ್ಷಕನಾಗಿ ಉಳಿಯದೆ ರಂಗವೇರಿ ಬರುತ್ತಾನೆ ಎಂದು ಅವರು 1991ರಲ್ಲೇ ಪುಸ್ತಕ ಬರೆದು ವಾದಿಸಿದರು. ಅದಕ್ಕೆ ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ಆಟಗಾರ ನಟನೇ ಹೌದು. ಆದರೆ ಅವನ ಕೈಯಲ್ಲಿ ನಾಟಕದ ಪ್ರತಿಯಿಲ್ಲ, ಅವನಿಗೆ ತಾಲೀಮು ಆಗಿಲ್ಲ, ನಿರ್ದೇಶಕರಾದ ನೀವು ಆ ಕೋಣೆಯಲ್ಲೇ ಇಲ್ಲ. ನೀವು ಬಿಟ್ಟುಹೋದ ಬೆಳಕು, ಬಾಗಿಲು, ಸದ್ದು, ನಿಯಮಗಳೇ ಅವನಿಗೆ ನಿರ್ದೇಶನ ಮಾಡಬೇಕು.

ಒಮ್ಮೆ ನಮ್ಮ ತಂಡ ಒಂದು ವಿದಾಯದ ದೃಶ್ಯ ಕಟ್ಟಿತ್ತು. ಗಾಯಗೊಂಡ ಗೆಳೆಯ ಮಾತನಾಡುತ್ತಾನೆ, ವೈದ್ಯೆ ಗಾಯಕ್ಕೆ ಹೊಲಿಗೆ ಹಾಕುತ್ತಾಳೆ, ಆಟಗಾರ ಕೇಳಿಸಿಕೊಳ್ಳಬೇಕು. ಬರವಣಿಗೆ ಚೆನ್ನಾಗಿತ್ತು, ಧ್ವನಿ ಕೊಟ್ಟ ನಟರೂ ಮನಸ್ಸಿಟ್ಟು ದುಡಿದಿದ್ದರು. ಪರೀಕ್ಷೆಗೆ ಕೂರಿಸಿದ ಮೊದಲ ಆಟಗಾರ ಗೆಳೆಯ ಮಾತನಾಡುತ್ತಿದ್ದಷ್ಟು ಹೊತ್ತೂ ಪಕ್ಕದ ಮೇಜಿನ ಮೇಲೆ ಹತ್ತಿ ಇಳಿದು ಕುಣಿಯುತ್ತಿದ್ದ. ಎರಡನೆಯವಳೂ ಹಾಗೆಯೇ ಮಾಡಿದಳು. ತಪ್ಪು ಅವರದಾಗಿರಲಿಲ್ಲ, ಸುಮ್ಮನೆ ಕುಳಿತವರಿಗಾಗಿ ನಾವು ದೃಶ್ಯ ಬರೆದಿದ್ದೆವು. ಆಟಗಾರನ ಕೈಕಾಲು ಕಟ್ಟಿಹಾಕಿ ಸಿನಿಮಾ ತುಣುಕು ಮಾಡೋಣ ಎಂದು ಹಲವರು ಹೇಳಿದರು. ಆಗ ಹಿಂದೆ ರಂಗ ನಿರ್ವಹಣೆ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು, ಕೈ ಎಲ್ಲಿಡಬೇಕೆಂದು ತಿಳಿಯದ ನಟನಿಗೆ ನಿರ್ದೇಶಕರು ಒಂದು ವಸ್ತು ಕೊಡುತ್ತಾರೆ, ನಾವೂ ಕೊಡೋಣ ಎಂದರು. ಆಟಗಾರನ ಕೈಗೆ ದೀಪ ಕೊಟ್ಟೆವು. ಅವನು ಅಲುಗಾಡಿದರೆ ಬೆಳಕು ಅಲುಗುತ್ತದೆ, ವೈದ್ಯೆಯ ಸೂಜಿ ನಿಲ್ಲುತ್ತದೆ, ಗೆಳೆಯ ನರಳುತ್ತಾನೆ. ಮುಂದಿನ ಪರೀಕ್ಷೆಯಲ್ಲಿ ಯಾರೂ ಕುಣಿಯಲಿಲ್ಲ. ಒಬ್ಬ ಹುಡುಗ ಇಡೀ ಸಂಭಾಷಣೆ ಮುಗಿಯುವವರೆಗೆ ಉಸಿರು ಬಿಗಿಹಿಡಿದು ಕುಳಿತಿದ್ದ. ಸಂಭಾಷಣೆಯ ಒಂದು ಅಕ್ಷರವನ್ನೂ ನಾವು ಬದಲಿಸಿರಲಿಲ್ಲ.

ನಿಮ್ಮ ರಂಗಾನುಭವ ನಮ್ಮಲ್ಲಿ ಕೆಲಸಕ್ಕೆ ಬರುವ ಬಗೆ ಇದು. ರಷ್ಯನ್ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ನಟನಾ ಪದ್ಧತಿಯಲ್ಲಿ ಪಾತ್ರಕ್ಕೆ ಏನು ಬೇಕು, ಏನು ಅಡ್ಡಬಂದಿದೆ, ಅದನ್ನು ದಾಟಲು ಪಾತ್ರ ಏನು ಮಾಡುತ್ತದೆ ಎಂದು ಕೇಳುವುದನ್ನು ಕಲಿತಿರುತ್ತೀರಿ. ಗೇಮ್‌ನ ಒಂದು ಹಂತವನ್ನು (ಲೆವೆಲ್) ವಿನ್ಯಾಸ ಮಾಡುವಾಗ ನಾವು ಆಟಗಾರನ ಬಗ್ಗೆ ಕೇಳಿಕೊಳ್ಳುವುದೂ ಈ ಮೂರು ಪ್ರಶ್ನೆಗಳನ್ನೇ. ಆಶು ನಟನೆಯಲ್ಲಿ ಎದುರಿನವರು ಕೊಟ್ಟದ್ದನ್ನು ಒಪ್ಪಿಕೊಂಡು ಮುಂದುವರಿಸಬೇಕು, ತಳ್ಳಿಹಾಕಿದರೆ ದೃಶ್ಯ ಸಾಯುತ್ತದೆ. ಆಟಗಾರ ಯೋಚಿಸಿ ಮಾಡಿದ ಒಂದು ಕೆಲಸಕ್ಕೆ ಗೇಮ್ ಏನೂ ಪ್ರತಿಕ್ರಿಯಿಸದೆ ಹೋದಾಗ ಆಗುವುದೂ ಅದೇ. ಇನ್ನು ರಂಗ ನಿರ್ವಹಣೆಯ ಪ್ರತಿ ಇದೆಯಲ್ಲ, ಈ ಮಾತಿಗೆ ಈ ದೀಪ, ಈ ಹೆಜ್ಜೆಗೆ ಈ ಸದ್ದು ಎಂದು ಗುರುತು ಹಾಕಿದ್ದು, ಅದನ್ನು ಓದಬಲ್ಲವರಿಗೆ ಗೇಮ್ ಎಂಜಿನ್‌ನ, ಅಂದರೆ ಗೇಮ್ ಕಟ್ಟುವ ತಂತ್ರಾಂಶದ, ಟ್ರಿಗರ್‌ಗಳು, ಈವೆಂಟ್‌ಗಳು (ಇದಾದರೆ ಅದಾಗಲಿ ಎಂಬ ಗುರುತುಗಳು) ಒಂದು ವಾರದಲ್ಲಿ ಒಗ್ಗುತ್ತವೆ. ವ್ಯತ್ಯಾಸ ಇಷ್ಟೇ: ರಂಗದ ಮೇಲೆ ಈ ಸೂಚನೆಗಳು, ಅಂದರೆ ಕ್ಯೂಗಳು, ಒಂದೇ ಕ್ರಮದಲ್ಲಿ ಬರುತ್ತವೆ, ಗೇಮ್‌ನಲ್ಲಿ ಯಾವ ಕ್ರಮದಲ್ಲಿ ಬಂದರೂ ದೃಶ್ಯ ನಿಲ್ಲಬೇಕು.

ಈ ವ್ಯತ್ಯಾಸ ಸಣ್ಣದೆಂದು ತೋರಬಹುದು, ಆದರೆ ನಿಮ್ಮ ಕಂಪ್ಯೂಟರ್ ವಿದ್ಯೆಗೆ ಕೆಲಸ ಕೊಡುವುದೇ ಅದು. ಒಂದು ಕಥೆಯಲ್ಲಿ ಐದು ಕಡೆ ಆಯ್ಕೆ ಇಟ್ಟು, ಪ್ರತಿ ಸಲ ಮೂರು ದಾರಿ ಕೊಟ್ಟು, ಯಾವ ದಾರಿಯೂ ಮತ್ತೆ ಕೂಡದಂತೆ ಬರೆದರೆ 243 ಅಂತ್ಯಗಳಾಗುತ್ತವೆ. ಯಾವ ತಂಡವೂ ಅಷ್ಟನ್ನು ಬರೆಯಲಾರದು. ಮೈಕೇಲ್ ಮಟೇಯಸ್, ಆ್ಯಂಡ್ರ್ಯೂ ಸ್ಟರ್ನ್ ಎಂಬ ಇಬ್ಬರು ಈ ಗೋಡೆಯನ್ನು ಒಡೆಯಲು ಹೊರಟು, ಹಲವು ವರ್ಷ ದುಡಿದು 2005ರಲ್ಲಿ 'ಫಸಾಡ್' ಎಂಬ ಗೇಮ್ ಬಿಡುಗಡೆ ಮಾಡಿದರು. ಜಗಳವಾಡುತ್ತಿರುವ ದಂಪತಿಯ ಮನೆಗೆ ನೀವು ಅತಿಥಿಯಾಗಿ ಹೋಗುತ್ತೀರಿ, ಬಾಯಿಗೆ ಬಂದದ್ದನ್ನು ಟೈಪ್ ಮಾಡುತ್ತೀರಿ. ನಾಟಕದ ಬಿಡಿ ಬಿಡಿ ತುಣುಕುಗಳಲ್ಲಿ ಮುಂದೆ ಯಾವುದು ಬರಬೇಕೆಂದು ಒಳಗಿನ ಪ್ರೋಗ್ರಾಂ ಆ ಕ್ಷಣದ ಬಿಗುವನ್ನು ನೋಡಿ ನಿರ್ಧರಿಸುತ್ತದೆ. ಅಷ್ಟು ವರ್ಷದ ಶ್ರಮಕ್ಕೆ ಸಿಕ್ಕಿದ್ದು ಸುಮಾರು 20 ನಿಮಿಷದ ನಾಟಕ. 2008ರಲ್ಲಿ ವಾಲ್ವ್ ಕಂಪನಿ ಹೊರತಂದ 'ಲೆಫ್ಟ್ ಫೋರ್ ಡೆಡ್' ಇದಕ್ಕಿಂತ ಸರಳವಾದ ದಾರಿ ಹಿಡಿಯಿತು. ಅದರಲ್ಲಿ 'ಡೈರೆಕ್ಟರ್' ಎಂದೇ ಕರೆಯುವ ಒಂದು ವ್ಯವಸ್ಥೆಯಿದೆ. ಆಟಗಾರರ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂದು ಲೆಕ್ಕ ಹಾಕುತ್ತ, ದಾಳಿಯ ಅಲೆ ಯಾವಾಗ ಎಬ್ಬಿಸಬೇಕು, ಯಾವಾಗ ಉಸಿರಾಡಲು ಬಿಡಬೇಕು ಎಂದು ಅದು ತೀರ್ಮಾನಿಸುತ್ತದೆ. ನಾಟಕದ ಲಯ ಗೊತ್ತಿಲ್ಲದವರಿಗೆ ಇಂಥದ್ದು ಹೊಳೆಯುವುದು ಕಷ್ಟ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಹೊಳೆದರೂ ಕಟ್ಟಲಾರರು. ನಿಮಗೆ ಎರಡೂ ಗೊತ್ತು.

ಹಾಗೆಂದು ಬಾಗಿಲು ತಾನೇ ತೆರೆಯುತ್ತದೆ ಎಂದು ಭಾವಿಸಬೇಡಿ. ಡಿಸೈನರ್ ಎಂದರೆ ಐಡಿಯಾ ಕೊಡುವವನು ಎಂಬ ನಂಬಿಕೆ ಹೊರಗೆ ಬಲವಾಗಿದೆ. ಐಡಿಯಾಗೆ ನಮ್ಮಲ್ಲಿ ಬರವಿಲ್ಲ. ಡಿಸೈನರ್‌ನ ದಿನ ಕಳೆಯುವುದು ಎಂಜಿನ್‌ನಲ್ಲಿ ಹಂತಗಳನ್ನು ಜೋಡಿಸುವುದರಲ್ಲಿ, ಸ್ಪ್ರೆಡ್‌ಶೀಟ್‌ನಲ್ಲಿ ಅಂಕಿಗಳನ್ನು ತೂಗುವುದರಲ್ಲಿ, ಇತರರಿಗೆ ಅರ್ಥವಾಗುವಂತೆ ಬರೆಯುವುದರಲ್ಲಿ, ಮುಖ್ಯವಾಗಿ ಬೇರೆಯವರು ಆಡುವುದನ್ನು ಬಾಯಿ ಮುಚ್ಚಿಕೊಂಡು ನೋಡುವುದರಲ್ಲಿ. ಕೊನೆಯದು ಹೊಸಬರಿಗೆ ತುಂಬ ಕಷ್ಟ. ಆಟಗಾರ ತಡವರಿಸಿದ ಕೂಡಲೇ 'ಅಲ್ಲಿ ಬಲಕ್ಕೆ ಹೋಗಿ' ಎಂದುಬಿಡುತ್ತಾರೆ. ಪ್ರದರ್ಶನದ ದಿನ ಕತ್ತಲಲ್ಲಿ ನಿಂತು, ತಪ್ಪುಗಳನ್ನು ಕಣ್ಣಾರೆ ಕಂಡೂ ರಂಗಕ್ಕೆ ನುಗ್ಗದೆ ತಡೆದುಕೊಂಡ ನಿರ್ದೇಶಕರಿಗೆ ಆ ಸಂಯಮ ಮೊದಲೇ ಬಂದಿರುತ್ತದೆ.

ಡಿಸೈನರ್‌ಗಳಲ್ಲೂ ಬಗೆಗಳಿವೆ. ನಿಯಮ ಮತ್ತು ಅಂಕಿಗಳ ವ್ಯವಸ್ಥೆ ಕಟ್ಟುವವರು, ಹಂತಗಳ ಜಾಗ ರೂಪಿಸುವವರು, ಕಥನವನ್ನು ಆಟದೊಳಗೆ ಹೆಣೆಯುವವರು ಎಂದು ಕೆಲಸ ಹಂಚಿಹೋಗಿರುತ್ತದೆ. ಇವರ ಜೊತೆಗೆ ಟೆಕ್ನಿಕಲ್ ಡಿಸೈನರ್ ಎಂಬ ಹುದ್ದೆಯಿದೆ. ವಿನ್ಯಾಸಕರ ಆಲೋಚನೆಯನ್ನು ಕೋಡ್ ಬರೆದು ಬೇಗ ಆಡಿ ನೋಡುವಂತೆ ಮಾಡುವುದು, ಅವರಿಗೆ ಬೇಕಾದ ಸಾಧನಗಳನ್ನು ಕಟ್ಟಿಕೊಡುವುದು ಅವರ ಕೆಲಸ. ನಿಮ್ಮ ಹಿನ್ನೆಲೆಗೆ ಈ ಬಾಗಿಲು ಹೇಳಿ ಮಾಡಿಸಿದಂತಿದೆ. ಆಟದ ನಡೆಗಳಿಗೆ ಕೋಡ್ ಬರೆಯುವ ಗೇಮ್‌ಪ್ಲೇ ಪ್ರೋಗ್ರಾಮರ್ ಹುದ್ದೆ ಅದರ ಪಕ್ಕದ ಬಾಗಿಲು. ಕಥನ ವಿನ್ಯಾಸದ ಹುದ್ದೆಗೆ ನೇರವಾಗಿ ಅರ್ಜಿ ಹಾಕಬೇಡಿ ಎನ್ನುವುದಿಲ್ಲ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ನಾಟಕದ ಅನುಭವವನ್ನು ಹವ್ಯಾಸದ ಸಾಲಿಗೆ ತಳ್ಳುವುದು ತಪ್ಪು ಸಲಹೆ. ಗೇಮ್‌ಗಳಂಥ ಸಂವಾದಿ ಮಾಧ್ಯಮಗಳನ್ನು ಕಲಿಸುವ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಂಟರ್‌ಟೈನ್‌ಮೆಂಟ್ ಟೆಕ್ನಾಲಜಿ ಸೆಂಟರ್ ಅನ್ನು 1990ರ ದಶಕದ ಕೊನೆಯಲ್ಲಿ ಕಟ್ಟಿದವರು ಕಂಪ್ಯೂಟರ್ ವಿಜ್ಞಾನದ ರ‍್ಯಾಂಡಿ ಪಾಶ್ ಮತ್ತು ನಾಟಕ ವಿಭಾಗದ ಡಾನ್ ಮರಿನೆಲ್ಲಿ. ಮನೆಯವರು ಎರಡು ದೋಣಿಯ ಮಾತು ಎತ್ತಿದಾಗ ಈ ಸಂಗತಿಯನ್ನು ಅವರಿಗೆ ಹೇಳಿ. ಆದರೆ ಅರ್ಜಿಯಲ್ಲಿ 'ರಂಗಭೂಮಿಯಲ್ಲಿ ಆಸಕ್ತಿ' ಎಂದು ಬರೆದರೆ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ನಿಮಿಷದ ಪ್ರದರ್ಶನ, ಎಷ್ಟು ಬೆಳಕಿನ ಕ್ಯೂಗಳು, ಎಷ್ಟು ಜನರ ತಂಡ, ತಾಲೀಮಿನಲ್ಲಿ ಏನು ಕೆಲಸ ಮಾಡಲಿಲ್ಲ, ಅದನ್ನು ಹೇಗೆ ಬದಲಿಸಿದಿರಿ ಎಂದು ಬರೆಯಿರಿ. ಗಡುವಿನೊಳಗೆ ಇಪ್ಪತ್ತು ಮಂದಿಯನ್ನು ಒಂದು ಗುರಿಗೆ ತಂದವರು ಯಾವ ಸ್ಟುಡಿಯೋಗೂ ಬೇಕು.

ಕೋರ್ಸಿನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಉದ್ಯೋಗ ಖಚಿತ ಎಂದು ಯಾರೂ ಮಾತು ಕೊಡಲಾರರು. ಕೊಟ್ಟರೆ ಒಪ್ಪಂದದ ಷರತ್ತುಗಳನ್ನು ಒಂದೊಂದಾಗಿ ಓದಿ. ಯಾವ ಬಗೆಯ ಉದ್ಯೋಗವನ್ನು 'ಉದ್ಯೋಗ' ಎಂದು ಎಣಿಸುತ್ತಾರೆ? ಕಲಿಸುವವರು ಯಾವ ಗೇಮ್‌ಗಳನ್ನು ಮುಗಿಸಿ ಬಿಡುಗಡೆ ಮಾಡಿದ್ದಾರೆ? ಹಿಂದಿನ ವಿದ್ಯಾರ್ಥಿಗಳು ಮಾಡಿದ ಗೇಮ್‌ಗಳನ್ನು ನೀವು ಇಳಿಸಿಕೊಂಡು ಆಡಬಹುದೇ? ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಮಾತ್ರ ಯೋಚಿಸಿ. ಒಳ್ಳೆಯ ಕೋರ್ಸಿನಿಂದ ಸಿಗುವ ದೊಡ್ಡ ಲಾಭ ಪಾಠಗಳಲ್ಲ, ಜೊತೆಗೆ ಗೇಮ್ ಕಟ್ಟುವ ಗೆಳೆಯರು. ಗೇಮ್ ತಯಾರಿಕೆ ಕಲಿಸುವ ಅಮೆರಿಕದ ಡಿಜಿಪೆನ್ ಸಂಸ್ಥೆಯ ಕೆಲವು ವಿದ್ಯಾರ್ಥಿಗಳು ಸೇರಿ 'ನಾರ್ಬಾಕ್ಯುಲರ್ ಡ್ರಾಪ್' ಎಂಬ ಸಣ್ಣ ಗೇಮ್ ಮಾಡಿದರು. ವಾಲ್ವ್ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು, ಅದೇ ಆಲೋಚನೆ ಬೆಳೆದು 2007ರಲ್ಲಿ 'ಪೋರ್ಟಲ್' ಎಂಬ ಹೆಸರಾಂತ ಗೇಮ್ ಆಯಿತು. ಅಂಥ ಅದೃಷ್ಟ ಎಲ್ಲರಿಗೂ ಒಲಿಯುವುದಿಲ್ಲ. ಆದರೆ ಅವರು ತೋರಿಸಿದ್ದು ಪ್ರಮಾಣಪತ್ರವನ್ನಲ್ಲ, ಆಡಬಹುದಾದ ಒಂದು ಗೇಮ್ ಅನ್ನು. ಪ್ರೋಗ್ರಾಮಿಂಗ್ ಬರುವ ನಿಮಗೆ ಅದನ್ನು ಮಾಡಲು ಕೋರ್ಸ್ ಬೇಕಿಲ್ಲ. ಗೋಡೋ ಎಂಜಿನ್ ಉಚಿತ ಹಾಗೂ ಮುಕ್ತ ತಂತ್ರಾಂಶ. ಯೂನಿಟಿ ಎಂಜಿನ್‌ನಲ್ಲಿ ಸಿ ಶಾರ್ಪ್, ಅನ್‌ರಿಯಲ್ ಎಂಜಿನ್‌ನಲ್ಲಿ ಸಿ ಪ್ಲಸ್ ಪ್ಲಸ್ ಭಾಷೆ ಬಳಸುತ್ತಾರೆ. ಎರಡನ್ನೂ ಹಣ ಕೊಡದೆ ಕಲಿಯಲು ಆರಂಭಿಸಬಹುದು. ಒಂದೇ ಸಾಧನಕ್ಕೆ ಬದುಕನ್ನು ಕಟ್ಟಿಹಾಕಬೇಡಿ. 2023ರಲ್ಲಿ ಯೂನಿಟಿ ಕಂಪನಿ ಗೇಮ್‌ನ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಎಂದು ಘೋಷಿಸಿದಾಗ, ಮರುವರ್ಷ ಅದನ್ನು ಕೈಬಿಡುವವರೆಗೂ, ಎಷ್ಟೋ ಸಣ್ಣ ತಂಡಗಳು ನಿದ್ದೆಗೆಟ್ಟವು.

ಗೇಮ್ ಜಾಮ್‌ಗಳಲ್ಲಿ ಭಾಗವಹಿಸಿ. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜಾಮ್, ಅದಕ್ಕೂ ಹಳೆಯದಾದ ಲೂಡಮ್ ಡೇರ್‌ನಂಥವುಗಳಲ್ಲಿ ಎರಡು ಮೂರು ದಿನಗಳಲ್ಲಿ ಒಂದು ಗೇಮ್ ಮುಗಿಸಬೇಕು. ಮುಗಿಸುವ ಅಭ್ಯಾಸ ಅಲ್ಲಿ ಆಗುತ್ತದೆ. ನಾನು ಒಬ್ಬ ಅಭ್ಯರ್ಥಿಯ ಕೆಲಸವನ್ನು ಮೊದಲ ಸಲ ನೋಡಲು ಕೊಡುವ ಸಮಯ ಐದು ನಿಮಿಷ ಮೀರುವುದಿಲ್ಲ. ಆ ಐದು ನಿಮಿಷದಲ್ಲಿ ಅರ್ಧ ಮುಗಿದ ಮಹಾಕಾವ್ಯಕ್ಕಿಂತ ಪೂರ್ಣಗೊಂಡ ಮೂರು ಪುಟ್ಟ ಗೇಮ್‌ಗಳು ನಿಮ್ಮ ಬಗ್ಗೆ ಹೆಚ್ಚು ಹೇಳುತ್ತವೆ. ಪ್ರತಿಯೊಂದರ ಜೊತೆಗೆ ಒಂದು ಪುಟದ ಟಿಪ್ಪಣಿ ಇರಲಿ: ಎಷ್ಟು ಜನರಿಂದ ಆಡಿಸಿದಿರಿ, ಎಲ್ಲಿ ಸೋತಿರಿ, ಏನು ಬದಲಿಸಿದಿರಿ.

ಈಗಿನ ಕೆಲಸ ಬಿಡಬೇಡಿ, ಸದ್ಯಕ್ಕೆ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಸ್ಟುಡಿಯೋಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆದವು. ನನಗಿಂತ ಅನುಭವಿಗಳಾದ ಗೆಳೆಯರು ತಿಂಗಳುಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ಹೊಸಬರು ಅವರ ಜೊತೆಗೇ ಸ್ಪರ್ಧಿಸಬೇಕು. ಸಂಬಳ ಬರುತ್ತಿರುವಾಗಲೇ ಒಂದು, ಒಂದೂವರೆ ವರ್ಷ ಬಿಡುವಿನ ವೇಳೆಯಲ್ಲಿ ಆ ಮೂರು ಗೇಮ್‌ಗಳನ್ನು ಮಾಡಿ. ಈ ದಾರಿಯಲ್ಲೂ ಅಪಾಯಗಳಿವೆ. ದಣಿವು ನಿಜವಾದದ್ದು. ಜೊತೆಗೆ, ಕೆಲಸದ ಅವಧಿಯ ಹೊರಗೆ ನೀವು ಮಾಡಿದ್ದರ ಮೇಲೂ ಹಕ್ಕು ಸಾಧಿಸುವ ಷರತ್ತು ಕೆಲವು ಸಾಫ್ಟ್‌ವೇರ್ ಕಂಪನಿಗಳ ಒಪ್ಪಂದದಲ್ಲಿರುತ್ತದೆ. ನಿಮ್ಮ ಒಪ್ಪಂದವನ್ನು ಇವತ್ತೇ ತೆಗೆದು ಓದಿ, ಅಗತ್ಯವಿದ್ದರೆ ಲಿಖಿತ ಅನುಮತಿ ಪಡೆಯಿರಿ, ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲನ್ನೂ ಬರೆಯಬೇಡಿ.

ಆಮೇಲೆ ಪ್ರೋಗ್ರಾಮರ್ ಆಗಿ ಗೇಮ್ ಸ್ಟುಡಿಯೋ ಸೇರುವುದು ನಾನು ಹಿಡಿದ ದಾರಿ. ಒಳ್ಳೆಯ ಪ್ರೋಗ್ರಾಮರ್ ಎನ್ನಿಸಿಕೊಂಡರೆ ಅಲ್ಲಿಂದ ಬಿಡುಗಡೆ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ ಎಂಬುದು ಅದರ ಅಪಾಯ. ನನ್ನನ್ನು ವಿನ್ಯಾಸಕ್ಕೆ ಬಿಡಲು ನನ್ನ ಹಿಂದಿನ ಸ್ಟುಡಿಯೋ ನಾಲ್ಕು ವರ್ಷ ತೆಗೆದುಕೊಂಡಿತು. ಸಂದರ್ಶನದಲ್ಲೇ ನಿಮ್ಮ ಗುರಿ ಹೇಳಿ, ಮೊದಲ ವರ್ಷವೇ ಸಣ್ಣ ವಿನ್ಯಾಸದ ಕೆಲಸವೊಂದನ್ನು ಕೇಳಿ ಪಡೆಯಿರಿ. ಗೇಮ್‌ಗಳನ್ನು ಆಡಿ ದೋಷ ಹುಡುಕುವ ಪರೀಕ್ಷಕರಾಗಿ ಸೇರುವ ದಾರಿ ನಿಮ್ಮ ಅರ್ಹತೆಗೆ ಅನಗತ್ಯ. ಸ್ನಾತಕೋತ್ತರ ಪದವಿ ಸಾಲವಿಲ್ಲದೆ ಸಿಗುವುದಾದರೆ ಒಳ್ಳೆಯದು, ದೊಡ್ಡ ಸಾಲ ಮಾಡಿ ಹೋಗುವುದು ಈ ಕಾಲಕ್ಕೆ ತುಂಬ ಭಾರ. ವರ್ಚುವಲ್ ರಿಯಾಲಿಟಿ ತರಬೇತಿ, ವಸ್ತುಸಂಗ್ರಹಾಲಯಗಳ ಸಂವಾದಿ ಪ್ರದರ್ಶನ, ಪ್ರೇಕ್ಷಕರು ಒಳಗೇ ಓಡಾಡುವ ರಂಗಪ್ರಯೋಗಗಳು, ನಟರ ಚಲನೆ ಸೆರೆಹಿಡಿಯುವ ಮೋಷನ್ ಕ್ಯಾಪ್ಚರ್ ಕೋಣೆ, ಇಲ್ಲೆಲ್ಲ ನಿಮ್ಮಂಥವರಿಗೆ ಜಾಗವಿದೆ. ಗೇಮ್ ಉದ್ಯಮ ಕುಗ್ಗಿದಾಗ ನನ್ನ ಹಲವು ಸಹೋದ್ಯೋಗಿಗಳು ಅಲ್ಲಿಗೆ ಹೋಗಿ ನೆಲೆಯಾದರು.

ಕೃತಕ ಬುದ್ಧಿಮತ್ತೆಯ ಭಯ ಆಧಾರವಿಲ್ಲದ್ದಲ್ಲ. ಹಿನ್ನೆಲೆಯ ಚಿತ್ರ, ತಾತ್ಕಾಲಿಕ ಸಂಭಾಷಣೆ, ಸರಳ ಕೋಡ್‌ನಂಥ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಕೆಲಸಗಳು ಕಡಿಮೆಯಾಗುತ್ತಿವೆ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ, ಏಕೆಂದರೆ ನಾನು ಕಲಿತದ್ದು ಅಂಥ ಕೆಲಸಗಳಿಂದಲೇ. ಅಮೆರಿಕದ ನಟರ ಸಂಘ 2024ರಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದ್ದಕ್ಕೂ ಧ್ವನಿ, ಚಹರೆಗಳ ನಕಲಿನ ಭಯವೇ ಮುಖ್ಯ ಕಾರಣ. ಆದರೆ ಆ ದೀಪದ ದೃಶ್ಯಕ್ಕೆ ಮರಳಿ ಬನ್ನಿ. ಯಂತ್ರ ನೂರು ಬಗೆಯ ವಿದಾಯ ಸಂಭಾಷಣೆ ಬರೆದುಕೊಟ್ಟಿದ್ದರೂ ನಮ್ಮ ಸಮಸ್ಯೆ ಬಗೆಹರಿಯುತ್ತಿರಲಿಲ್ಲ. ಕುಣಿಯುತ್ತಿದ್ದ ಆಟಗಾರನನ್ನು ನೋಡಿ, ಅವನ ಕೈ ಬರಿದಾಗಿದೆ ಎಂದು ಗುರುತಿಸಿದ್ದು ರಂಗದಲ್ಲಿ ಪಳಗಿದ ಕಣ್ಣು.

ಕೊನೆಗೆ ನಿಮ್ಮ ಆ ಕಥೆ. 'ಕೆಂಟಕಿ ರೂಟ್ ಝೀರೋ' ಎಂಬ ಗೇಮ್ ರಂಗಸಜ್ಜಿಕೆಯ, ರಂಗ ಬೆಳಕಿನ ಭಾಷೆಯಲ್ಲೇ ಮೂಡಿದ ಐದು ಅಂಕಗಳ ಕೃತಿ. ಮೂವರ ಪುಟ್ಟ ತಂಡ ಅದನ್ನು ಮಾಡಿತು. ಮೊದಲ ಅಂಕ 2013ರಲ್ಲಿ ಬಂತು, ಕೊನೆಯದು 2020ರಲ್ಲಿ. ದೊಡ್ಡ ಕಥೆ ಕೇಳುವ ಆಯುಷ್ಯ ಎಷ್ಟು ಎಂದು ತಿಳಿಯಲೆಂದು ಇದನ್ನು ಹೇಳುತ್ತಿದ್ದೇನೆ. ಅದನ್ನು ಎಸೆಯಬೇಡಿ, ಮೊದಲ ಗೇಮ್ ಮಾತ್ರ ಅದಾಗದಿರಲಿ. ಅದರಿಂದ ಒಂದೇ ಒಂದು ದೃಶ್ಯ ಆರಿಸಿ, ಎರಡೇ ಪಾತ್ರಗಳದ್ದು. ನಿಮ್ಮ ರಂಗತಂಡದ ನಟಿಯೊಬ್ಬರಿಗೆ ಒಂದು ಪಾತ್ರದ ನಿಯಮಗಳನ್ನು ಮಾತ್ರ ಬರೆದುಕೊಡಿ: ಅವಳಿಗೆ ಏನು ಬೇಕು, ಏನು ಕೇಳಿದರೆ ಮುನಿಯುತ್ತಾಳೆ, ಏನು ಕೊಟ್ಟರೆ ಬಾಗಿಲು ತೆರೆಯುತ್ತಾಳೆ. ಎದುರಿಗೆ ಕಥೆಯೇ ಗೊತ್ತಿಲ್ಲದ ಒಬ್ಬರನ್ನು ನಿಲ್ಲಿಸಿ. ಏನೂ ವಿವರಿಸದೆ ಹಿಂದೆ ಕುಳಿತು, ಅವರು ಮಾಡಲು ಹೋಗಿ ಮಾಡಲಾಗದೆ ನಿಂತ ಪ್ರತಿಯೊಂದನ್ನೂ ಬರೆದುಕೊಳ್ಳಿ. ಐದಾರು ಜನರ ಮೇಲೆ ಹೀಗೆ ಪ್ರಯೋಗ ಮಾಡಿದ ಮೇಲೆ ಆ ಟಿಪ್ಪಣಿ ಇಟ್ಟುಕೊಂಡು ನಿಯಮಗಳನ್ನು ತಿದ್ದಿ, ಆಮೇಲೆ ಗೋಡೋ ತೆರೆದು ಅದೇ ದೃಶ್ಯವನ್ನು ಕಟ್ಟಿ. ಎರಡು ಮೂರು ವಾರದ ಕೆಲಸ ಅದು. ನಿಮ್ಮ ಮೂರು ಗೇಮ್‌ಗಳಲ್ಲಿ ಮೊದಲನೆಯದು ಅದೇ ಆಗಲಿ, ಮತ್ತು ತಾಲೀಮಿನ ಆ ಟಿಪ್ಪಣಿಯ ಪುಟವನ್ನು ಗೇಮ್ ಜೊತೆಗೇ ಕಳುಹಿಸಿ. ನಾನಾದರೆ ಮೊದಲು ಓದುವುದು ಆ ಪುಟವನ್ನು.